ನೋಡದೆ ಎಣಿಸುವ ಯಂತ್ರ, ತತ್ತಿ ಮೇಲೆ ಕಸೂತಿ

ತತ್ತಿ ಮೇಲೆ ಚಿತ್ರ ಬಿಡಿಸುವ ಯಂತ್ರವನ್ನು ಯಾರಿಗೆ ತೋರಿಸಿದರೂ ಮೊದಲು ಕೇಳುವುದು ಒಂದೇ: "ಕ್ಯಾಮೆರಾ ಎಲ್ಲೈತ್ರಿ?" ಇಲ್ಲ. ಕ್ಯಾಮೆರಾನೂ ಇಲ್ಲ, ಎಐ ಕೂಡ ಇಲ್ಲ. ತಾನಾಗಿ ಅಲ್ಲಾಡುವ ಏನನ್ನು ಕಂಡರೂ ಒಳಗೊಂದು ಬುದ್ಧಿ ಕೂತಿದೆ ಅಂತ ಈಗ ಎಲ್ಲರೂ ನಂಬಿಬಿಡುತ್ತಾರೆ. ಈ ಯಂತ್ರಕ್ಕೆ ತತ್ತಿ ಕಾಣುವುದಿಲ್ಲ, ತಾನೇ ಎಳೆದ ಗೆರೆಯೂ ಕಾಣುವುದಿಲ್ಲ. ಅದು ಎಣಿಸುತ್ತದೆ, ಅಷ್ಟೇ. ಬರೀ ಎಣಿಕೆಯಿಂದ ಇಷ್ಟು ಚಂದದ ಚಿತ್ರ ಹುಟ್ಟುತ್ತದಲ್ಲ, ನನಗೆ ಅದೇ ಖುಷಿ.

ನಮ್ಮ ಬಾಗಲಕೋಟೆ ಕಡೆಯವರಿಗೆ ಇದು ಹೊಸದಲ್ಲ. ಇಳಕಲ್ ಸೀರೆಗೆ ಕಸೂತಿ ಹಾಕುವವರು ಬಟ್ಟೆ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಚುಚ್ಚುತ್ತಾರೆ. ಗವಂತಿ, ಮುರಗಿ, ನೇಗಿ, ಮೆಂತೆ, ಕಸೂತಿಯ ಈ ನಾಲ್ಕೂ ಹೊಲಿಗೆ ನಿಂತಿರುವುದು ಎಣಿಕೆ ಮೇಲೆ. ಒಂದು ಎಳೆ ತಪ್ಪಿದರೆ ಸೀರೆ ಮೇಲಿನ ಗೋಪುರದ ಚಿತ್ರ ವಾಲುತ್ತದೆ. ಯಂತ್ರದಲ್ಲಿ ಎಳೆಯ ಬದಲು ಮೋಟಾರಿನ ಹೆಜ್ಜೆ ಇದೆ.

ಇದು ಸ್ಟೆಪ್ಪರ್ ಮೋಟಾರ್. ಸಾಮಾನ್ಯ ಮೋಟಾರ್ ಕರೆಂಟ್ ಕೊಟ್ಟರೆ ಗಿರ್ರನೆ ತಿರುಗುತ್ತದೆ, ಎಷ್ಟು ತಿರುಗಿತು ಅಂತ ಹೇಳೋಕೆ ಬರಲ್ಲ. ಸ್ಟೆಪ್ಪರಿನ ಒಳಗೆ ತಿರುಗುವ ಭಾಗ, ಅಂದರೆ ರೋಟರ್, ಒಂದು ಕಾಯಂ ಅಯಸ್ಕಾಂತ, ಅದರ ಅಂಚಿಗೆ 50 ಹಲ್ಲು. ಸುತ್ತಲೂ ಎರಡು ಗುಂಪು ತಂತಿ ಸುರುಳಿ, ಸುರುಳಿ ಸುತ್ತಿದ ಕಬ್ಬಿಣಕ್ಕೂ ಹಲ್ಲುಗಳಿವೆ, ಆದರೆ ಒಂದು ಗುಂಪಿನ ಹಲ್ಲು ಇನ್ನೊಂದಕ್ಕಿಂತ ಕಾಲು ಹಲ್ಲಿನಷ್ಟು ಆಚೆ ಸರಿದಿರುತ್ತವೆ. ಮೊದಲ ಗುಂಪಿಗೆ ಕರೆಂಟ್ ಹರಿದರೆ ರೋಟರಿನ ಹಲ್ಲು ಅದರ ಎದುರು ಬಂದು ಗಟ್ಟಿಯಾಗಿ ನಿಲ್ಲುತ್ತದೆ. ಎರಡನೆಯದಕ್ಕೆ ಕೊಟ್ಟರೆ ಕಾಲು ಹಲ್ಲು ಮುಂದೆ. ಮತ್ತೆ ಮೊದಲನೆಯದಕ್ಕೆ ಉಲ್ಟಾ ಕೊಟ್ಟರೆ ಇನ್ನೂ ಕಾಲು. ಹೀಗೆ ನಾಲ್ಕು ಹೆಜ್ಜೆಗೆ ಒಂದು ಹಲ್ಲು, 50 ಹಲ್ಲಿಗೆ 200 ಹೆಜ್ಜೆ, ಹೆಜ್ಜೆಗೆ 1.8 ಡಿಗ್ರಿ. ಎ4988ನಂಥ ಡ್ರೈವರ್ ಬೋರ್ಡ್ ಎರಡೂ ಗುಂಪಿಗೆ ಹೆಚ್ಚು ಕಡಿಮೆ ಕರೆಂಟ್ ಹಂಚಿ ಒಂದೊಂದು ಹೆಜ್ಜೆಯನ್ನೂ 16 ಭಾಗ ಮಾಡಬಲ್ಲದು. ಆಗ ಒಂದು ಸುತ್ತಿಗೆ 3200. ನಡುವೆ 44 ಮಿ.ಮೀ. ದಪ್ಪ ಇರುವ ಕೋಳಿತತ್ತಿಯ ಸುತ್ತಳತೆ ಸುಮಾರು 138 ಮಿ.ಮೀ., ಅಂದರೆ ಹೆಜ್ಜೆಗೆ 0.043 ಮಿ.ಮೀ. ಮಾರ್ಕರ್ ಪೆನ್ನಿನ ಗೆರೆ ಇದಕ್ಕಿಂತ ಎಷ್ಟೋ ದಪ್ಪ.

ಉಳಿದದ್ದು ಸರಳ. ಒಂದು ಮೋಟಾರ್ ತತ್ತಿ ತಿರುಗಿಸುತ್ತದೆ, ಇನ್ನೊಂದು ಪೆನ್ನಿನ ತೋಳನ್ನು ಈ ತುದಿಯಿಂದ ಆ ತುದಿಗೆ ತೂಗುತ್ತದೆ, ಸರ್ವೋ ಅನ್ನುವ ಪುಟ್ಟ ಮೋಟಾರ್ ಪೆನ್ನು ಎತ್ತಿ ಇಳಿಸುತ್ತದೆ, ಆರ್ಡುಯಿನೋ ಅನ್ನುವ ಚಿಕ್ಕ ಕಂಪ್ಯೂಟರ್ ಬೋರ್ಡ್ ಲೆಕ್ಕ ಇಡುತ್ತದೆ. ಅಮೆರಿಕದ ಕಲಾವಿದ ಬ್ರೂಸ್ ಶಪೀರೋ ಇಂಥ ಯಂತ್ರವನ್ನು 1990ರಲ್ಲೇ ಮಾಡಿದ್ದರು. ತೋಳಿನ ಮೋಟಾರಿನ ಅಕ್ಷ ತತ್ತಿಯ ನಡುವಿಗೆ ನೇರ ಇರಬೇಕು, ಇದೊಂದರಲ್ಲಿ ರಾಜಿ ಬೇಡ. ಬೇಯಿಸಿದ ತತ್ತಿಯನ್ನೋ, ತೂತು ಮಾಡಿ ಊದಿ ಖಾಲಿ ಮಾಡಿದ್ದನ್ನೋ ಎರಡು ರಬ್ಬರ್ ಬಟ್ಟಲಿನ ನಡುವೆ ಸ್ಪ್ರಿಂಗ್ ಹಾಕಿ ಹಿಡಿಸಿ. ತತ್ತಿ ಜಾರಿದರೂ ಮೋಟಾರಿಗೆ ಗೊತ್ತಾಗಲ್ಲ, ಅದು ಎಣಿಸುತ್ತಲೇ ಇರುತ್ತದೆ.

ನಮ್ಮಲ್ಲಿ ಮೂರು ದಾರಿ ಕೂಡುವಲ್ಲಿ ಕುಂಕುಮ ಬಳಿದ ತತ್ತಿ ಕಂಡರೆ ಇವತ್ತಿಗೂ ಸುತ್ತು ಹಾಕಿ ಹೋಗುವವರಿದ್ದಾರೆ. ಗೆರೆ ಎಳೆದ ತತ್ತಿ ಮನೆಯಲ್ಲಿ ಬೇಡ ಅನ್ನುವವರೂ ಇದ್ದಾರೆ. ಈ ಹೆದರಿಕೆ ಮಕ್ಕಳಿಗೆ ಬೇಗ ದಾಟುತ್ತದೆ, ನನಗೆ ಅದೇ ಚಿಂತೆ. ತತ್ತಿಯಲ್ಲಿ ಹೆದರುವಂಥದ್ದು ಏನೂ ಇಲ್ಲ: ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಬಾಗಲಕೋಟೆ ನೆಲದ ಸುಣ್ಣದಕಲ್ಲಿನಲ್ಲಿ ಇರುವುದೂ ಅದೇ. ಮಕ್ಕಳ ಕೈಗೇ ತತ್ತಿ ಕೊಟ್ಟು ಯಂತ್ರಕ್ಕೆ ಕೂರಿಸಲು ಹೇಳಿ.

ಚಿತ್ರ ಆರಿಸುವಾಗ ಕಸೂತಿಯವರ ಲೆಕ್ಕವೇ ಬೇಕು. ಸುತ್ತಲೂ 24 ಗೋಪುರ ಬೇಕು ಅಂತ ಒಂದೊಂದಕ್ಕೆ 133 ಹೆಜ್ಜೆ ಕೊಟ್ಟರೆ ಕೊನೆಗೆ 8 ಹೆಜ್ಜೆ ಉಳಿಯುತ್ತದೆ, ಸುಮಾರು 0.35 ಮಿ.ಮೀ. ಸಂದು, ಕಣ್ಣಿಗೆ ಹೊಡೆಯುತ್ತದೆ. 25 ಮಾಡಿ, ತಲಾ 128, ಪಕ್ಕಾ ಕೂಡುತ್ತದೆ. ಇನ್ನೊಂದು ತೊಡಕು ಉಂಡೆಯಾಕಾರದ್ದು. ಸಪಾಟು ಚಿತ್ರವನ್ನು ಹಿಗ್ಗಿಸದೆ ಕುಗ್ಗಿಸದೆ ಗೋಳದ ಮೇಲೆ ಹೊದಿಸಲು ಆಗುವುದೇ ಇಲ್ಲ ಅನ್ನುವುದು ಗಣಿತಜ್ಞ ಗೌಸ್ 1827ರಲ್ಲಿ ಕೊಟ್ಟ ಪ್ರಮೇಯದಿಂದಲೇ ಗೊತ್ತಾಗುತ್ತದೆ. ಗೋಳದಲ್ಲಿ ನಡುವಿನಿಂದ 60 ಡಿಗ್ರಿ ಮೇಲೆ ಹೋದರೆ ಸುತ್ತಳತೆ ಅರ್ಧಕ್ಕೆ ಇಳಿಯುತ್ತದೆ, ಚೌಕ ಕಿರಿದಾಗುತ್ತದೆ. ಸಾಫ್ಟ್‌ವೇರಿನಲ್ಲಿ ಇದನ್ನು ತಿದ್ದಲು ಜನ ಒದ್ದಾಡುತ್ತಾರೆ. ಸುಮ್ನೆ ಗೋಪುರದ ಬುಡ ನಡುವಿಗೆ, ಕಳಸ ತುದಿಗೆ ಬರುವಂತೆ ಇಡಿ, ಅದು ತಾನಾಗಿ ಚೂಪಾಗುತ್ತದೆ. ತೇರೂ ಹಾಗೇ ನಿಲ್ಲುತ್ತದೆ. ಆನೆ ಮಾತ್ರ ನಡುಪಟ್ಟಿಯಲ್ಲೇ ಇರಲಿ, ಮೇಲೆ ಹೋದಷ್ಟೂ ಬಡಕಲಾಗುತ್ತದೆ.