ಪಟ್ಟಿಯ ಆ ಸಾಲನ್ನು ಪೂರ್ತಿ ಓದಿ

“ಸಾರ್, ನಾವು ವೈಟ್ ಕೆಟಗರಿ. ಇನ್ನು ಬೋರ್ಡಿನ ತಂಟೆ ಇಲ್ಲ ಅಲ್ವಾ?” ವಾರಕ್ಕೊಂದಾದರೂ ಇಂಥ ಫೋನ್ ಬರುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ವೈಟ್ ವರ್ಗದ (ಮಾಲಿನ್ಯ ತೀರಾ ಕಡಿಮೆ ಇರುವ) ಕೈಗಾರಿಕೆಗಳನ್ನು ಮಾಲಿನ್ಯ ನಿಯಂತ್ರಣ ಬೋರ್ಡಿನ ಅನುಮತಿ, ಅಂದರೆ ಕನ್ಸೆಂಟ್‌ನಿಂದ ಹೊರಗಿಟ್ಟ ಮೇಲೆ ಇದು ಜಾಸ್ತಿಯಾಗಿದೆ.

ಆ ವಿನಾಯಿತಿಯ ಪರವಾಗಿಯೇ ನಾನಿದ್ದೇನೆ. ಸೈಕಲ್ ಜೋಡಿಸುವವರು, ಸೀಮೆಸುಣ್ಣ ಅಚ್ಚು ಹಾಕುವವರು ಫೈಲು ಹಿಡಿದು ಕಚೇರಿಯ ಮೆಟ್ಟಿಲು ಸವೆಸಬೇಕಾಗಿರಲಿಲ್ಲ. ಆದರೆ ಕೈಬಿಟ್ಟಿರುವುದು ಅರ್ಜಿಯನ್ನು, ಹೊಣೆಯನ್ನಲ್ಲ. ಎಷ್ಟು ಸಲ ಹೇಳಿದರೂ ಈ ಒಂದು ಮಾತು ತಲೆಗೆ ಹೋಗುವುದಿಲ್ಲ.

ವೈಟ್ ವರ್ಗದ ಪಟ್ಟಿಯಲ್ಲಿ ‘ಎಂಜಿನಿಯರಿಂಗ್ ಮತ್ತು ಫ್ಯಾಬ್ರಿಕೇಶನ್’ ಎಂದು ಕಂಡ ಕೂಡಲೇ ಓದು ನಿಂತುಬಿಡುತ್ತದೆ. ಪಕ್ಕದಲ್ಲೇ ಷರತ್ತಿದೆ: ಒಣ ಪ್ರಕ್ರಿಯೆ ಮಾತ್ರ, ಹೀಟ್ ಟ್ರೀಟ್‌ಮೆಂಟ್, ಲೋಹದ ಮೇಲ್ಮೈ ಸಂಸ್ಕರಣೆ, ಪೇಂಟಿಂಗ್ ಇರಕೂಡದು. ವೈಟ್ ಎನ್ನುವುದು ನಿಮ್ಮ ಕಂಪನಿಗೆ ಕೊಟ್ಟ ಬಿರುದಲ್ಲ. ಆ ಶೆಡ್ಡಿನಲ್ಲಿ ಇವತ್ತು ನಡೆಯುವ ಕೆಲಸದ ಬಣ್ಣ. ಕೆಲಸ ಬದಲಾದ ದಿನವೇ ಬಣ್ಣವೂ ಬದಲಾಗುತ್ತದೆ, ಬೋರ್ಡಿನಿಂದ ಪತ್ರ ಬರಲಿ, ಬಾರದಿರಲಿ.

ಪೀಣ್ಯದಲ್ಲಿ ಒಬ್ಬರ ಶೆಡ್ಡಿಗೆ ಹೋಗಿದ್ದೆ. ತುಂಬ ಒಳ್ಳೆಯ ಮನುಷ್ಯ, ಹುಡುಗರಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡುವವರು. ಮುಂದುಗಡೆ ಎಲ್ಲ ಅಚ್ಚುಕಟ್ಟು: ವೆಲ್ಡಿಂಗ್, ಡ್ರಿಲ್ಲಿಂಗ್. ಹಿಂದಿನ ಮೂಲೆಯಲ್ಲಿ ನೀಲಿ ಡ್ರಮ್ಮು ಅರ್ಧಕ್ಕೆ ಕೊಯ್ದು ಮಾಡಿದ ಮೂರು ತೊಟ್ಟಿ. ಒಂದರಲ್ಲಿ ತುಕ್ಕು ತೆಗೆಯುವ ಆಸಿಡ್, ಉಳಿದೆರಡರಲ್ಲಿ ತೊಳೆಯುವ ನೀರು. ಅಲ್ಲಿನ ಸಿಮೆಂಟು ಕರಗಿ ಜಲ್ಲಿ ಎದ್ದಿತ್ತು. ತೊಟ್ಟಿಯ ಬುಡದಿಂದ ಒಂದು ಪಿವಿಸಿ ಪೈಪು ನೇರ ಮಳೆನೀರಿನ ಚರಂಡಿಗೆ. “ಇದು ಸ್ವಲ್ಪ ಸಾರ್, ವಾರಕ್ಕೆರಡು ಸಲ ಅಷ್ಟೆ” ಎಂದರು.

ಹೀಗೆ ಆಸಿಡ್ಡಿನಲ್ಲಿ ತುಕ್ಕು ತೆಗೆಯುವುದಕ್ಕೆ ಪಿಕ್ಲಿಂಗ್ ಎನ್ನುತ್ತಾರೆ; ಅದು ಇರುವುದು ಮಾಲಿನ್ಯ ಅತಿ ಹೆಚ್ಚಿನ ರೆಡ್ ಪಟ್ಟಿಯಲ್ಲಿ. ಅಂದರೆ ಆ ಶೆಡ್ಡು ವೈಟ್‌ನಿಂದ ಗ್ರೀನ್, ಆರೆಂಜ್ ದಾಟಿ ಒಂದೇ ನೆಗೆತಕ್ಕೆ ರೆಡ್ ಆಗಿದೆ. ಆ ಚರಂಡಿ ಸೇರುವುದು ವೃಷಭಾವತಿಯನ್ನು. ವೃಷಭಾವತಿ ಹೋಗಿ ತುಂಬುವುದು ಬಿಡದಿ ಹತ್ತಿರದ ಬೈರಮಂಗಲ ಕೆರೆಯನ್ನು. ಅಲ್ಲಿಯ ರೈತರು ಹೊಲಕ್ಕೆ ಹಾಯಿಸುವುದು ಆ ನೀರನ್ನೇ. ಇದನ್ನು ಹೇಳಿದಾಗ ಅವರ ಮುಖ ಸಣ್ಣದಾಯಿತು.

“ಈಗ ಜೈಲಿಲ್ಲವಂತಲ್ಲ, ದಂಡ ಕಟ್ಟಿದರಾಯಿತು” ಎನ್ನುವವರೂ ಇದ್ದಾರೆ. 2023ರ ಜನ ವಿಶ್ವಾಸ್ ಕಾಯ್ದೆ ಪರಿಸರ ಸಂರಕ್ಷಣಾ ಕಾಯ್ದೆಯ ಐದು ವರ್ಷದ ಸೆರೆವಾಸವನ್ನು ತೆಗೆದದ್ದು ನಿಜ. ಅದರ ಜಾಗಕ್ಕೆ ಬಂದದ್ದು 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡ. ಆ ದಂಡ ಕಟ್ಟದಿದ್ದರೆ ಮತ್ತೆ ಜೈಲಿಗೆ ದಾರಿ ಇದ್ದೇ ಇದೆ. ಇನ್ನು ಇದೇ ರೀತಿ ಸೆರೆವಾಸದ ಬದಲು ದಂಡ ತಂದ ಜಲ ಕಾಯ್ದೆಯ 2024ರ ತಿದ್ದುಪಡಿ, ರಾಜ್ಯದ ಶಾಸನಸಭೆ ನಿರ್ಣಯ ಮಾಡಿ ಒಪ್ಪಿಕೊಂಡಲ್ಲಿ ಮಾತ್ರ ಅನ್ವಯ. ಅದರಲ್ಲೂ, ಕನ್ಸೆಂಟ್ ಬೇಕಾದವರು ಪಡೆಯದೆ ನಡೆಸಿದರೆ ಸೆರೆವಾಸ ಹಾಗೆಯೇ ಉಳಿದಿದೆ. ಆದ್ದರಿಂದ ವಾಟ್ಸ್ಯಾಪಿಗೆ ಬಂದ ಗೆಜೆಟ್ ಪುಟ ನೋಡಿ ನಿರ್ಧಾರ ಮಾಡಬೇಡಿ. ನಿಮ್ಮ ಕೆಲಸವನ್ನು ಇದ್ದದ್ದು ಇದ್ದ ಹಾಗೆ ಬರೆದು ಬೋರ್ಡಿನ ಪ್ರಾದೇಶಿಕ ಕಚೇರಿಗೆ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ನಾನಿಲ್ಲಿ ಹೇಳಿದ್ದು ಸಾಮಾನ್ಯ ಮಾತು; ನಿಮ್ಮ ಘಟಕಕ್ಕೆ ಏನು ಅನ್ವಯ ಎನ್ನುವುದನ್ನು ಸ್ಥಳ ನೋಡದೆ ಹೇಳಲಾರೆ.

ಹೋದ ತಿಂಗಳು ಆ ಶೆಡ್ಡಿಗೆ ಮತ್ತೆ ಹೋಗಿದ್ದೆ. ಮೂಲೆಯಲ್ಲಿ ಹೊಸ ಸಿಮೆಂಟು ಬಿದ್ದಿತ್ತು, ಪೈಪು ಕಿತ್ತಿದ್ದರು. ಪಿಕ್ಲಿಂಗನ್ನು ಕನ್ಸೆಂಟ್ ಇರುವ ಬೇರೆ ಕಡೆ ಜಾಬ್ ವರ್ಕ್‌ಗೆ ಕೊಟ್ಟಿದ್ದಾರೆ. ಟೆಂಪೋ ಬಾಡಿಗೆಯ ಚೀಟಿಗಳನ್ನು ಮುಂದಿಟ್ಟು, “ಲಾಭವೆಲ್ಲ ಇದಕ್ಕೇ ಹೋಗುತ್ತೆ ಸಾರ್” ಎಂದರು. ಅವರ ಸಂಕಟ ನ್ಯಾಯವಾದದ್ದೇ. ಇಂಥ ಸಣ್ಣ ಶೆಡ್ಡುಗಳಿಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ಒಂದು ಸಾಮೂಹಿಕ ಶುದ್ಧೀಕರಣ ಘಟಕ ಸಿಕ್ಕಿದ್ದರೆ, ಒಂದು ಫಾರಂ ಕಡಿಮೆಯಾದದ್ದಕ್ಕಿಂತ ಅವರಿಗೆ ಎಷ್ಟೋ ಹೆಚ್ಚು ಅನುಕೂಲವಾಗುತ್ತಿತ್ತು.