ಹೊಟ್ಟೆಯಲ್ಲಿರುವ ಮಗುವಿನ ರಕ್ತ ತೆಗೆಯುವುದು ಅಪಾಯವೇ?

ಪ್ರಶ್ನೆ: ನನ್ನ ತಂಗಿಗೆ ಎರಡನೇ ಬಸಿರು, ಈಗ 24 ವಾರ. ಅವಳದು ನೆಗೆಟಿವ್ ರಕ್ತ, ಗಂಡನದು ಪಾಸಿಟಿವ್. ಮಗುವಿನ ರಕ್ತ ತೆಗೆದು ನೋಡಬೇಕಾಗಬಹುದು ಎಂದು ದಾವಣಗೆರೆಯ ವೈದ್ಯರು ಹೇಳಿದ್ದಾರೆ. ಅವಳ ಅತ್ತೆ ಬೇಡವೇ ಬೇಡ ಎನ್ನುತ್ತಿದ್ದಾರೆ. ಏನು ಮಾಡಲಿ?
– ಚಳ್ಳಕೆರೆಯ ಓದುಗರೊಬ್ಬರು

ಅತ್ತೆಯವರ ಹೆದರಿಕೆಯನ್ನು ತಳ್ಳಿಹಾಕಬೇಡಿ. ಈ ಪರೀಕ್ಷೆಯಿಂದ ನೂರರಲ್ಲಿ ಒಂದೆರಡು ಮಕ್ಕಳು ಉಳಿಯದೆ ಹೋಗಬಹುದು. ಮಗುವಿನ ಮೈಯಲ್ಲಿ ಆಗಲೇ ನೀರು ತುಂಬಿದ್ದರೆ ಅಪಾಯ ಇನ್ನೂ ಹೆಚ್ಚು. ಚುಚ್ಚಿದ ಜಾಗದಿಂದ ರಕ್ತ ಸೋರಬಹುದು, ಮಗುವಿನ ಎದೆಬಡಿತ ಇಳಿಯಬಹುದು, ಸೋಂಕು ತಗಲಬಹುದು, ದಿನ ತುಂಬುವ ಮೊದಲೇ ಹೆರಿಗೆ ನೋವು ಬರಬಹುದು.

ಆದರೆ ಸೂಜಿ ಹೋಗುವುದು ಸಾಮಾನ್ಯವಾಗಿ ಮಗುವಿನ ಮೈಗಲ್ಲ. ಸ್ಕ್ಯಾನ್ ಪರದೆ ನೋಡುತ್ತಲೇ ತಾಯಿಯ ಹೊಟ್ಟೆಯೊಳಗೆ ಸೂಜಿ ಇಳಿಸಿ, ಹೊಕ್ಕುಳಬಳ್ಳಿ ಮಾಸಿಗೆ ಅಂಟಿಕೊಂಡಿರುವ ಕಡೆ ರಕ್ತನಾಳ ಹಿಡಿಯುತ್ತಾರೆ. ಬಳ್ಳಿ ಅಲ್ಲಿ ಅಷ್ಟಾಗಿ ಅಲುಗುವುದಿಲ್ಲ. 18 ವಾರಕ್ಕೆ ಮೊದಲು ನಾಳ ತೀರಾ ಸಪೂರ, ಹಾಗಾಗಿ ಸಾಮಾನ್ಯವಾಗಿ ಆಗ ಕೈಹಾಕುವುದಿಲ್ಲ.

ವಂಶವಾಹಿ ದೋಷ ತಿಳಿಯಲು ಈಗ ಮಗುವಿನ ಸುತ್ತಲಿನ ಹೊಟ್ಟೆನೀರಿನ ಪರೀಕ್ಷೆಯೇ ಸಾಕಾಗುತ್ತದೆ. ನಿಮ್ಮ ತಂಗಿಯ ವಿಷಯ ಬೇರೆ. ಮೊದಲ ಬಸಿರಿನಲ್ಲಿ ತಾಯಿಯ ಮೈಯಲ್ಲಿ ಪಾಸಿಟಿವ್ ರಕ್ತದ ಮೇಲೆ ಎರಗುವ ಪ್ರತಿಕಾಯಗಳು ಹುಟ್ಟಿದ್ದರೆ, ಈ ಮಗುವಿನದು ಪಾಸಿಟಿವ್ ರಕ್ತವಾದಾಗ ಅವು ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಈ ಪ್ರತಿಕಾಯಗಳು ಹುಟ್ಟದಂತೆ ತಡೆಯುವುದು ಆಂಟಿ-ಡಿ ಚುಚ್ಚುಮದ್ದು; ಅವು ಒಮ್ಮೆ ಹುಟ್ಟಿದ ಮೇಲೆ ಅದಕ್ಕೂ ಅವನ್ನು ಅಳಿಸಲಾಗದು. ಹಿಂದಿನ ಹೆರಿಗೆಯಲ್ಲಿ ಅದನ್ನು ಕೊಟ್ಟಿದ್ದರೇ, ತಾಯಿ ಕಾರ್ಡ್ ತೆಗೆದು ನೋಡಿ.

ನೇರವಾಗಿ ಸೂಜಿಗೆ ಹೋಗುವುದೂ ಇಲ್ಲ. ಮೊದಲು ತಾಯಿಯ ರಕ್ತದಲ್ಲಿ ಪ್ರತಿಕಾಯ ನೋಡುತ್ತಾರೆ. ಇದ್ದರೆ, ಮಗುವಿನ ಮೆದುಳಿನ ರಕ್ತನಾಳದಲ್ಲಿ ರಕ್ತ ಹರಿಯುವ ವೇಗವನ್ನು ಡಾಪ್ಲರ್ ಸ್ಕ್ಯಾನಿನಲ್ಲಿ ಅಳೆಯುತ್ತಾರೆ. ರಕ್ತಹೀನತೆಯಲ್ಲಿ ರಕ್ತ ತೆಳುವಾಗಿ ಜೋರಾಗಿ ಓಡುತ್ತದೆ. ಆ ವಾರಕ್ಕೆ ಇರಬೇಕಾದ ವೇಗದ ಒಂದೂವರೆ ಪಟ್ಟು ದಾಟಿದರೆ ಮಾತ್ರ ಸೂಜಿಯ ಮಾತು. ಡಾಪ್ಲರ್ ಮಾಡದೆಯೇ ಸೂಜಿ ಎಂದರೆ ನಾನಾದರೆ ಇನ್ನೊಬ್ಬ ವೈದ್ಯರನ್ನು ಕೇಳುತ್ತೇನೆ.

ಸೂಜಿ ಹಾಕಿದಾಗ ರಕ್ತ ತೀರಾ ಕಡಿಮೆಯೆಂದು ಕಂಡರೆ, ಅದೇ ಸೂಜಿಯಿಂದ ಅಲ್ಲೇ ಮಗುವಿಗೆ ರಕ್ತ ಕೊಡುತ್ತಾರೆ. ಈ ಪರೀಕ್ಷೆಯಲ್ಲಿ ನಿಜವಾಗಿ ಮಗುವನ್ನು ಉಳಿಸುವುದು ಇದೇ. ತಾಯಿಯ ರಕ್ತದೊಂದಿಗೆ ಹೊಂದಿಸಿ ನೋಡಿದ ಓ ನೆಗೆಟಿವ್ ರಕ್ತ ಪಕ್ಕದಲ್ಲೇ ಇರಬೇಕು. ಇಲ್ಲದಿದ್ದರೆ ಎರಡು ಸಲ ಚುಚ್ಚಿಸಿಕೊಳ್ಳುವ ಪಾಡು.

ಗಂಡೋ ಹೆಣ್ಣೋ ಎಂದು ಯಾರೂ ಕೇಳುವಂತಿಲ್ಲ, ವೈದ್ಯರು ಹೇಳುವಂತೆಯೂ ಇಲ್ಲ; 1994ರ ಕಾಯ್ದೆಯಡಿ ಅದು ಅಪರಾಧ. ತಂಗಿಯ ಲಿಖಿತ ಒಪ್ಪಿಗೆಯೂ ಅದೇ ಕಾಯ್ದೆಯಂತೆ ಕಡ್ಡಾಯ, ಅತ್ತೆಯವರದಲ್ಲ. ಚಳ್ಳಕೆರೆಯಿಂದ ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ರಕ್ತ ಬಂದಿದೆಯೇ ಎಂದು ಕೇಳಿ.