ಕಮ್ಯುನಿಟಿ ಕಾಲೇಜು: ಸೇರೋದು ಸುಲಭ, ದಾಟೋದು ಕಷ್ಟ

ಅಮೆರಿಕದಲ್ಲಿ ಹೈಸ್ಕೂಲು (ಅಲ್ಲಿ 12ನೇ ತರಗತಿವರೆಗೆ) ಮುಗಿಸಿದವರು ಯಾರು ಬೇಕಾದರೂ ಕಮ್ಯುನಿಟಿ ಕಾಲೇಜು ಸೇರಬಹುದು. ಫೀಸು ಕಡಿಮೆ, ಕಟ್‌ಆಫ್ ಗೊಡವೆ ಇಲ್ಲ. ಎರಡು ವರ್ಷ ಓದಿ, ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಿ ಡಿಗ್ರಿ ಮುಗಿಸಬಹುದು. ಕ್ಯಾಲಿಫೋರ್ನಿಯಾದ ಕೂಪರ್ಟಿನೊ ಕಡೆಯ ಕನ್ನಡಿಗರಿಗೆ ಗೊತ್ತಿರುವ ಡಿ ಆಂಜಾ ಕಾಲೇಜೂ ಇಂಥದ್ದೇ. ಕಪ್ಪು ಜನರ, ಲ್ಯಾಟಿನೊಗಳ (ಲ್ಯಾಟಿನ್ ಅಮೆರಿಕ ಮೂಲದವರ), ವಲಸೆ ಬಂದವರ ಮಕ್ಕಳಲ್ಲಿ ಬಹಳಷ್ಟು ಮಂದಿ ಓದು ಶುರು ಮಾಡುವುದು ಇಲ್ಲಿಂದಲೇ.

ಆದರೆ ಮುಗಿಸುವವರು ಎಷ್ಟು ಜನ? 2024ರಲ್ಲಿ ಹೊರಬಂದ ರಾಷ್ಟ್ರಮಟ್ಟದ ವರದಿಯೊಂದರ ಪ್ರಕಾರ, ಇಲ್ಲಿ ಸೇರಿದವರಲ್ಲಿ ಆರು ವರ್ಷದೊಳಗೆ ಬ್ಯಾಚುಲರ್ ಡಿಗ್ರಿ ಪಡೆದವರು ಶೇ 16. ಲ್ಯಾಟಿನೊಗಳಲ್ಲಿ ಶೇ 13, ಕಪ್ಪು ವಿದ್ಯಾರ್ಥಿಗಳಲ್ಲಿ ಶೇ 9. ಸೇರಿಸಿಕೊಳ್ಳುವಾಗ ಯಾರನ್ನೂ ಸೋಸುವುದಿಲ್ಲ, ನಿಜ. ಸೋಸುವ ಕೆಲಸ ಒಳಗೆ ನಡೆಯುತ್ತದೆ.

ಇಂಥ ಮೊದಲ ಸರ್ಕಾರಿ ಕಾಲೇಜು ಶುರುವಾದದ್ದು 1901ರಲ್ಲಿ, ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ, ಆರು ವಿದ್ಯಾರ್ಥಿಗಳೊಂದಿಗೆ. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ ಇಂಥ ಕಾಲೇಜುಗಳು ದೇಶದ ಉದ್ದಗಲಕ್ಕೂ ಬೇಕು, ಬಣ್ಣದ ಅಡ್ಡಗೋಡೆ ಹೋಗಬೇಕು ಎಂದಿತು. ದಕ್ಷಿಣದ ರಾಜ್ಯಗಳು ಕಾಲೇಜು ಕಟ್ಟಿದವು. ಗೋಡೆ ಮಾತ್ರ ಹಾಗೇ ಉಳಿಯಿತು.

ಫ್ಲೋರಿಡಾದ ಕಥೆ ನೋಡಿ. 1949ರಲ್ಲಿ ಪೆನ್ಸಕೋಲಾದಲ್ಲಿ ಕಪ್ಪು ವಿದ್ಯಾರ್ಥಿಗಳಿಗೆಂದೇ ಬುಕರ್ ಟಿ. ವಾಷಿಂಗ್ಟನ್ ಜೂನಿಯರ್ ಕಾಲೇಜು (ಕಮ್ಯುನಿಟಿ ಕಾಲೇಜಿಗೆ ಆಗ ಇದ್ದ ಹೆಸರು) ಬಂತು. 1954ರಲ್ಲಿ ಸುಪ್ರೀಂ ಕೋರ್ಟು ಪ್ರತ್ಯೇಕ ಶಾಲೆಗಳು ತಪ್ಪು ಎಂದ ಮೇಲೂ ಅಲ್ಲಿ ಇಂಥ ಇನ್ನೂ 11 ಕಾಲೇಜು ಶುರುವಾದವು! ಬಹುತೇಕ ಕಪ್ಪು ಹೈಸ್ಕೂಲುಗಳ ಜೊತೆಗೇ ನಡೆಯುತ್ತಿದ್ದವು. ಅನುಕೂಲ ಅಷ್ಟಕ್ಕಷ್ಟೇ, ಆದರೆ ಮಕ್ಕಳು ಬಂದರು, ಓದಿದರು. 1964ರ ನಾಗರಿಕ ಹಕ್ಕು ಕಾಯ್ದೆ ಬಂದ ಕೆಲವೇ ವರ್ಷಗಳಲ್ಲಿ 12 ಕಾಲೇಜುಗಳೂ ಇಲ್ಲವಾದವು. ಕಾಗದದ ಮೇಲೆ ಅದು ಬಿಳಿಯರ ಕಾಲೇಜುಗಳ ಜೊತೆ ವಿಲೀನ. ನಡೆದದ್ದು ಮುಚ್ಚುವಿಕೆ. ಅನೇಕ ಕಪ್ಪು ಮೇಷ್ಟ್ರುಗಳಿಗೆ ಇದ್ದ ಕೆಲಸ, ಹುದ್ದೆ ಎರಡೂ ಹೋದವು. ಒಂದಾಗುವುದರ ಬೆಲೆಯನ್ನು ಒಂದೇ ಕಡೆಯವರು ತೆತ್ತರು.

ಪಶ್ಚಿಮದಲ್ಲಿ ಗೋಡೆಯ ಬದಲು ಶ್ರೇಣಿ ಬಂತು. 1960ರ ಕ್ಯಾಲಿಫೋರ್ನಿಯಾ ಮಾಸ್ಟರ್ ಪ್ಲಾನ್ (ಉನ್ನತ ಶಿಕ್ಷಣದ ಯೋಜನೆ) ಪ್ರಕಾರ ಹೈಸ್ಕೂಲಿನಲ್ಲಿ ಮೇಲಿನ ಎಂಟನೇ ಒಂದು ಭಾಗದವರಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಕಾಲೇಜು, ಮಿಕ್ಕ ಎಲ್ಲರಿಗೂ ಕಮ್ಯುನಿಟಿ ಕಾಲೇಜು. ಬಣ್ಣದ ಮಾತೇ ಇಲ್ಲ. ಆದರೆ ಬಡ ಬಡಾವಣೆಯ ಹೈಸ್ಕೂಲಿನಿಂದ ಬಂದ ಹುಡುಗ ಯಾವ ಮೆಟ್ಟಿಲಲ್ಲಿ ನಿಲ್ಲುತ್ತಾನೆ ಅಂತ ಊಹಿಸಲು ಲೆಕ್ಕ ಬೇಕಿಲ್ಲ, ಅಲ್ವಾ? ಅದೇ ವರ್ಷ ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್, ಸ್ಯಾನ್ ಹೋಸೆಯ ಜೂನಿಯರ್ ಕಾಲೇಜನ್ನು ನೋಡಿ ಬರೆದರು: ಇಲ್ಲಿ ಯಾರನ್ನೂ ಹೊರಗೆ ಹಾಕುವುದಿಲ್ಲ, ಮೆಲ್ಲಗೆ ಅವರ ಆಸೆಯನ್ನೇ ತಣ್ಣಗೆ ಮಾಡುತ್ತಾರೆ.

ಸಿಟ್ಟು ಬರದೇ ಇರುತ್ತದೆಯೇ? ಓಕ್‌ಲ್ಯಾಂಡಿನ ಮೆರಿಟ್ ಕಾಲೇಜಿನಲ್ಲಿ ಪರಿಚಯವಾದ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ 1966ರಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡುವ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. 1968ರಲ್ಲಿ ನವಾಹೊ ಜನ ತಮ್ಮದೇ ಕಾಲೇಜು ತೆರೆದರು. ಮೂಲನಿವಾಸಿಗಳೇ ನಡೆಸುವ ಮೊದಲ ಕಾಲೇಜು ಅದು. ಅದೇ ವರ್ಷ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ ಪೋರ್ಟೊರಿಕನ್ನರ ಒತ್ತಾಯಕ್ಕೆ ಹೋಸ್ಟೋಸ್ ಕಾಲೇಜು ಹುಟ್ಟಿತು.

ಇಷ್ಟಾದರೂ ಜಾಸ್ತಿ ಮಂದಿ ಎಡವಿ ಬಿದ್ದದ್ದು ಗಣಿತದಲ್ಲಿ. ಸೇರಿದ ಕೂಡಲೇ, ಯಾವ ಕ್ಲಾಸಿಗೆ ಕೂರಿಸಬೇಕು ಅಂತ ನೋಡಲು ಒಂದು ಪ್ಲೇಸ್‌ಮೆಂಟ್ ಟೆಸ್ಟ್. ಸುಮ್ನೆ ಒಂದು ಟೆಸ್ಟ್ ಅಂದುಕೊಂಡು ಬರೆದವರೇ ಹೆಚ್ಚು. ಅಂಕ ಕಡಿಮೆ ಬಂತೋ, ಮೊದಲು ಅಂಕಗಣಿತ, ಆಮೇಲೆ ಬೀಜಗಣಿತಕ್ಕೆ ತಯಾರಿ, ಆಮೇಲೆ ಬೀಜಗಣಿತ ಒಂದು, ಎರಡು. ಒಂದೊಂದಕ್ಕೂ ಒಂದು ಸೆಮಿಸ್ಟರ್, ಒಂದೊಂದಕ್ಕೂ ಫೀಸು. ಅದ್ಯಾವುದೂ ಡಿಗ್ರಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಎರಡು ವರ್ಷ ಕಳೆದರೂ ನಿಜವಾದ ಕಾಲೇಜು ಗಣಿತ ಶುರುವೇ ಆಗಿರುತ್ತಿರಲಿಲ್ಲ. ಹಗಲು ಕೆಲಸ ಮಾಡಿ ಸಂಜೆ ಬಸ್ಸು ಹಿಡಿದು ಬರುವವರು ಎಷ್ಟು ದಿನ ತಡೆದಾರು? ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಸೇರಿದವರಲ್ಲಿ ಸುಮಾರು ಶೇ 80 ಮಂದಿ ಗಣಿತದ ಇಲ್ಲವೇ ಇಂಗ್ಲಿಷಿನ ಇಂಥ ಒಂದಾದರೂ ಕ್ಲಾಸಿಗೆ ಹೋಗುತ್ತಿದ್ದರು. ತೀರಾ ಕೆಳಗಿನ ಮೆಟ್ಟಿಲಿಗೆ ಹೆಚ್ಚಾಗಿ ಬೀಳುತ್ತಿದ್ದವರು ಕಪ್ಪು ಮತ್ತು ಲ್ಯಾಟಿನೊ ವಿದ್ಯಾರ್ಥಿಗಳು.

2017ರಲ್ಲಿ ಅಲ್ಲಿ ಎಬಿ 705 ಎಂಬ ಕಾಯ್ದೆ ಬಂತು. ಟೆಸ್ಟ್ ಬಿಡಿ, ಹೈಸ್ಕೂಲಿನ ಅಂಕ ನೋಡಿ, ಆದಷ್ಟೂ ನೇರವಾಗಿ ಕಾಲೇಜು ಮಟ್ಟದ ಕ್ಲಾಸಿಗೇ ಕೂರಿಸಿ ಎಂದಿತು. ಮೊದಲ ವರ್ಷದಲ್ಲೇ ಗಣಿತ ಪಾಸಾಗುವವರು ಎಲ್ಲ ಗುಂಪುಗಳಲ್ಲೂ ಹೆಚ್ಚಾದರು. ಗುಂಪುಗಳ ನಡುವಿನ ಅಂತರ ಮಾತ್ರ ಮುಚ್ಚಿಲ್ಲ. ಆದರೂ ನನ್ನ ಪ್ರಕಾರ, ಭಾಷಣಗಳಿಗಿಂತ ಈ ಒಂದು ಬದಲಾವಣೆಯಿಂದ ಆದ ಉಪಯೋಗ ದೊಡ್ಡದು.

ಈಗಿನ ಜಗಳ ದುಡ್ಡಿನದು. ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ 25 ಲ್ಯಾಟಿನೊಗಳಿರುವ ಕಾಲೇಜುಗಳಿಗೆ ಕೇಂದ್ರ ಸರ್ಕಾರದ ವಿಶೇಷ ಅನುದಾನವಿತ್ತು. ಸೆಪ್ಟೆಂಬರ್ 2025ರಲ್ಲಿ ಶಿಕ್ಷಣ ಇಲಾಖೆ, ಇದು ಜನಾಂಗದ ಕೋಟಾ, ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿ ಇಂಥ ಅನುದಾನಗಳ ಸುಮಾರು 35 ಕೋಟಿ ಡಾಲರ್ ನಿಲ್ಲಿಸಿತು. ವಿಚಿತ್ರ ಏನೆಂದರೆ, ಆ ದುಡ್ಡಿನಲ್ಲಿ ನಡೆಯುವ ಪಾಠ, ಲ್ಯಾಬು, ಸಲಹಾ ಕೇಂದ್ರಗಳಿಗೆ ಆ ಕಾಲೇಜಿನ ಯಾವ ವಿದ್ಯಾರ್ಥಿ ಬೇಕಾದರೂ ಹೋಗಬಹುದಿತ್ತು.